ಟೆಸ್ಟೋಸ್ಟಿರಾನ್ ಕಡಿಮೆ ಇದೆ, ಇಂಜೆಕ್ಷನ್ ಬಿಟ್ಟು ಮಾತ್ರೆ ಇಲ್ಲವಾ?

ಪ್ರಶ್ನೆ: ನನಗೆ 34 ವರ್ಷ, ತೂಕ 98 ಕೆಜಿ. ಮದುವೆಯಾಗಿ ಮೂರು ವರ್ಷವಾದರೂ ಮಕ್ಕಳಾಗಿಲ್ಲ. ಸದಾ ಸುಸ್ತು, ಲೈಂಗಿಕ ಆಸಕ್ತಿಯೂ ಕುಗ್ಗಿದೆ. ರಾತ್ರಿ ಗೊರಕೆ ಜೋರು ಅಂತ ಹೆಂಡತಿ ಹೇಳುತ್ತಾಳೆ. ಟೆಸ್ಟೋಸ್ಟಿರಾನ್ 238 ಬಂದಿದೆ. ಇಂಜೆಕ್ಷನ್ ಶುರು ಮಾಡೋಣ ಅಂದಿದ್ದಾರೆ ವೈದ್ಯರು. ಹಾರ್ಮೋನ್ ಬದಲು ಬೇರೆ ಔಷಧಿ ಇದೆಯಾ? ರಿಪೋರ್ಟ್ ಕಳಿಸಿದ್ದೇನೆ.

ಉತ್ತರ: ಇದೆ. ಅದಕ್ಕೂ ಮೊದಲು ಇಂಜೆಕ್ಷನ್ ಮಾತು. ಮಗು ಬೇಕು ಅಂತಿದ್ದರೆ ಸದ್ಯಕ್ಕೆ ಅದರ ತಂಟೆಗೆ ಹೋಗಬೇಡಿ. ಹೊರಗಿನಿಂದ ಟೆಸ್ಟೋಸ್ಟಿರಾನ್ ಬಂದ ಕೂಡಲೇ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಕೈಕಟ್ಟಿ ಕೂರುತ್ತದೆ. ವೃಷಣವನ್ನು ಕೆಲಸಕ್ಕೆ ಹಚ್ಚಲು ಅದು ಕಳಿಸುವ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಹಾರ್ಮೋನ್‌ಗಳು ಎರಡೂ ಬೀಳುತ್ತವೆ. ವೃಷಣ ಕುಗ್ಗುತ್ತದೆ, ವೀರ್ಯಾಣು ಸೊನ್ನೆಗೂ ಇಳಿಯಬಹುದು. ವಿಶ್ವ ಆರೋಗ್ಯ ಸಂಸ್ಥೆ 1990ರ ಸುಮಾರಿಗೆ ವಾರಕ್ಕೆ 200 ಮಿ.ಗ್ರಾಂ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ಕೊಟ್ಟು ಪರೀಕ್ಷೆ ಮಾಡಿತ್ತು. ಯಾತಕ್ಕೆ ಗೊತ್ತಾ? ಗಂಡಸರ ಗರ್ಭನಿರೋಧಕವಾಗಿ!

ಈಗ ನಿಮ್ಮ ರಿಪೋರ್ಟ್. ಮೇಲ್ಗಡೆ ಮೂಲೆಯಲ್ಲಿ ರಕ್ತ ತೆಗೆದ ಹೊತ್ತು ಅಚ್ಚಾಗಿದೆ: ಸಂಜೆ 4.20. ಈ ಹಾರ್ಮೋನ್ ಬೆಳಿಗ್ಗೆ ಜಾಸ್ತಿ ಇದ್ದು ಸಂಜೆಗೆ ಇಳಿಯುತ್ತದೆ. ಹಾಗಾಗಿ ಬೆಳಿಗ್ಗೆ 10 ಗಂಟೆಯೊಳಗೆ, ಖಾಲಿ ಹೊಟ್ಟೆಯಲ್ಲಿ, ಎರಡು ಬೇರೆ ಬೇರೆ ದಿನ ನೋಡಬೇಕು. ಎರಡು ಸಲವೂ 300ಕ್ಕಿಂತ ಕೆಳಗಿದ್ದು, ನಿಮಗಿರುವಂಥ ಲಕ್ಷಣಗಳೂ ಇದ್ದರೆ ಮಾತ್ರ ಅದನ್ನು ಕೊರತೆ ಅನ್ನಬಹುದು. ಸಂಜೆಯ ಒಂದೇ ಒಂದು ಟೆಸ್ಟ್ ನಂಬಿ ಯಾವ ಚಿಕಿತ್ಸೆಯನ್ನೂ ಶುರು ಮಾಡಬೇಡಿ.

ಎರಡನೇ ಪುಟದಲ್ಲಿ ಇನ್ನೊಂದು ಸಾಲಿದೆ. ಎಲ್‌ಎಚ್ 2.1. ಪಕ್ಕದಲ್ಲಿ 'ನಾರ್ಮಲ್' ಅಂತ ಇರುವುದರಿಂದ ಯಾರೂ ಅದರ ಕಡೆ ನೋಡಿಲ್ಲ. ನನಗೆ 238ಕ್ಕಿಂತ ಇದೇ ಮುಖ್ಯ. ಟೆಸ್ಟೋಸ್ಟಿರಾನ್ ನಿಜಕ್ಕೂ ಕಡಿಮೆ ಇದ್ದರೆ ಎಲ್‌ಎಚ್ ಏರಬೇಕಿತ್ತು, ಅಲ್ವಾ? ಏರಿಲ್ಲ. ಅಂದರೆ ಬಾವಿಯಲ್ಲಿ ನೀರು ಇದ್ದೀತು, ಸೇದುವವರಿಲ್ಲ. ಮಾತ್ರೆಗಳು ಕೆಲಸ ಮಾಡುವುದು ಇಂಥ ಕಡೆಯೇ.

ಅದರಲ್ಲಿ ಜಾಸ್ತಿ ಬಳಕೆಯಲ್ಲಿರುವುದು ಕ್ಲೋಮಿಫೀನ್. 1967ರಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು ಹೆಂಗಸರ ಅಂಡೋತ್ಪತ್ತಿಗೆ. ಗಂಡಸರಿಗೆ ಕೊಡುವುದು ವೈದ್ಯರ ವಿವೇಚನೆಯ ಮೇಲೆ. ಹೆಂಗಸರ ಹಾರ್ಮೋನ್ ಎನ್ನುವ ಈಸ್ಟ್ರೋಜನ್ ಗಂಡಸರ ಮೈಯಲ್ಲೂ ಸ್ವಲ್ಪ ಇರುತ್ತದೆ. 'ಸಾಕು, ನಿಲ್ಲಿಸು' ಅಂತ ಮೆದುಳಿಗೆ ಹೇಳುವ ಕೆಲಸದಲ್ಲಿ ಅದರ ಪಾಲು ದೊಡ್ಡದು. ಕ್ಲೋಮಿಫೀನ್ ಆ ಮಾತು ಮೆದುಳಿಗೆ ಕೇಳದಂತೆ ಮಾಡುತ್ತದೆ. ಆಗ ಎಲ್‌ಎಚ್, ಎಫ್‌ಎಸ್‌ಎಚ್ ಏರುತ್ತವೆ, ವೃಷಣ ತಾನೇ ಟೆಸ್ಟೋಸ್ಟಿರಾನ್ ತಯಾರಿಸುತ್ತದೆ, ವೀರ್ಯಾಣುವಿಗೂ ಇಂಜೆಕ್ಷನ್ನಿನ ಹಾಗೆ ಪೆಟ್ಟು ಬೀಳುವುದಿಲ್ಲ. ಸಾಮಾನ್ಯವಾಗಿ 25 ಮಿ.ಗ್ರಾಂನಿಂದ ಶುರು, ದಿನಾ ಅಥವಾ ದಿನ ಬಿಟ್ಟು ದಿನ. ನಾಲ್ಕಾರು ವಾರಕ್ಕೆ ಮತ್ತೆ ರಕ್ತ ಪರೀಕ್ಷೆ.

ಒಂದು ಮಾತು ಮುಚ್ಚಿಡದೆ ಹೇಳುತ್ತೇನೆ. ರಿಪೋರ್ಟಿನಲ್ಲಿ ಅಂಕಿ ಚೆನ್ನಾಗಿ ಏರಿದರೂ ಆಸಕ್ತಿ ಅಷ್ಟೇ ಏರುತ್ತದೆ ಅನ್ನುವ ಹಾಗಿಲ್ಲ. ಕೆಲವರಿಗೆ ಸುಮ್ನೆ ಸಿಡುಕು, ಮಂಕು. ಕಣ್ಣು ಮಂಜಾದರೆ ಅಥವಾ ಮಿಂಚು ಕಂಡರೆ ಮಾತ್ರೆ ನಿಲ್ಲಿಸಿ ಅವತ್ತೇ ವೈದ್ಯರಿಗೆ ತಿಳಿಸಿ. ಈ ಮಾತ್ರೆಯಲ್ಲಿ ಔಷಧಿಯ ಎರಡು ರೂಪ ಬೆರೆತಿವೆ: ಎನ್‌ಕ್ಲೋಮಿಫೀನ್, ಝುಕ್ಲೋಮಿಫೀನ್. ಝುಕ್ಲೋಮಿಫೀನ್ ಎಂಬುದು ಈಸ್ಟ್ರೋಜನ್‌ನಂತೆಯೂ ವರ್ತಿಸುತ್ತದೆ, ಮೈಯಲ್ಲಿ ವಾರಗಟ್ಟಲೆ ಉಳಿಯುತ್ತದೆ. ಅದನ್ನು ಬಿಟ್ಟು ಬರೀ ಎನ್‌ಕ್ಲೋಮಿಫೀನ್ ಮಾರುವವರಿದ್ದಾರೆ. ಅಮೆರಿಕದ ಔಷಧ ನಿಯಂತ್ರಕರು ಅದಕ್ಕೆ ಒಪ್ಪಿಗೆ ಕೊಟ್ಟಿಲ್ಲ.

ಎಚ್‌ಸಿಜಿ ಅನ್ನುವುದೂ ಇದೆ. ಅದೂ ಇಂಜೆಕ್ಷನ್ನೇ, ವಾರಕ್ಕೆ ಎರಡು ಮೂರು ಸಲ. ಆದರೆ ಅದು ಎಲ್‌ಎಚ್ ವೇಷ ಹಾಕಿ ವೃಷಣವನ್ನು ಎಬ್ಬಿಸುತ್ತದೆ. ಪಿಟ್ಯುಟರಿಯೇ ಕೆಲಸ ಮಾಡದವರಿಗೆ ಇದು ಒಳ್ಳೆಯ ದಾರಿ. ಅನಾಸ್ಟ್ರೋಜೋಲ್ ಟೆಸ್ಟೋಸ್ಟಿರಾನ್ ಈಸ್ಟ್ರೋಜನ್ ಆಗುವುದನ್ನು ತಡೆಯುತ್ತದೆ. ಈಸ್ಟ್ರೋಜನ್ ಜಾಸ್ತಿ ಇರುವ ಕೆಲವರಿಗೆ ಕೊಡುವುದುಂಟು. ವರ್ಷಗಟ್ಟಲೆ ತಿಂದರೆ ಮೂಳೆ ಸವೆಯಬಹುದು, ಗಂಡಸರ ಮೂಳೆಗೂ ಈಸ್ಟ್ರೋಜನ್ ಬೇಕು.

ನಿಮ್ಮ ವಿಷಯದಲ್ಲಿ ನಾನಾಗಿದ್ದರೆ ಮಾತ್ರೆಗೂ ಮುಂಚೆ ಮೂರು ಕೆಲಸ ಮಾಡಿಸುತ್ತಿದ್ದೆ. ವೀರ್ಯ ಪರೀಕ್ಷೆ, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನಿನ ಪರೀಕ್ಷೆ, ಆ ಗೊರಕೆಗಾಗಿ ನಿದ್ದೆಯ ಪರೀಕ್ಷೆ. ಪ್ರೊಲ್ಯಾಕ್ಟಿನ್ ತೀರಾ ಏರಿದ್ದರೆ ಕಾರಣ ಪಿಟ್ಯುಟರಿಯ ಸಣ್ಣ ಗಡ್ಡೆ ಇರಬಹುದು, ಅದಕ್ಕೆ ಕ್ಯಾಬರ್‌ಗೋಲಿನ್ ಎಂಬ ಬೇರೆಯೇ ಮಾತ್ರೆ. ಇನ್ನು ಆ 98 ಕೆಜಿ. ಟೆಸ್ಟೋಸ್ಟಿರಾನ್ ಅನ್ನು ಈಸ್ಟ್ರೋಜನ್ ಮಾಡುವ ಕಿಣ್ವ ಕೊಬ್ಬಿನಲ್ಲಿ ಹೇರಳವಾಗಿರುತ್ತದೆ. ಹತ್ತು ಕೆಜಿ ಇಳಿದರೆ ಅಂಕಿ ತಾನಾಗೇ ಮೇಲೆ ಬರುವುದನ್ನು ಕಾಣಬಹುದು. ಏನೇ ಶುರು ಮಾಡಿದರೂ ವೀರ್ಯದ ಫಲಿತಾಂಶಕ್ಕೆ ಮೂರು ತಿಂಗಳಾದರೂ ಕಾಯಿರಿ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು.

ಪ್ರಶ್ನೆ: ವಯಸ್ಸು 52. ಮಕ್ಕಳು ದೊಡ್ಡವರಾಗಿದ್ದಾರೆ. ಬೆಳಿಗ್ಗೆ ಎರಡು ಸಲ ನೋಡಿದಾಗಲೂ ಟೆಸ್ಟೋಸ್ಟಿರಾನ್ 190ರ ಆಸುಪಾಸು, ಎಲ್‌ಎಚ್ 24. ಎರಡು ತಿಂಗಳು ಕ್ಲೋಮಿಫೀನ್ ತಿಂದರೂ ಏನೂ ಆಗಿಲ್ಲ. ಡೋಸ್ ಏರಿಸಲೇ?

ಉತ್ತರ: ಬೇಡ. ನಿಮ್ಮ ಪಿಟ್ಯುಟರಿ ಆಗಲೇ ಕೂಗಿ ಕೂಗಿ ಸುಸ್ತಾಗಿದೆ, ಎಲ್‌ಎಚ್ 24 ಅಂದರೆ ಅದೇ ಅರ್ಥ. ಇಲ್ಲಿ ಬತ್ತಿರುವುದು ಬಾವಿಯೇ. ಎಚ್‌ಸಿಜಿಯಿಂದಲೂ ಹೆಚ್ಚೇನೂ ಆಗದು. ನಿಮಗೆ ಸರಿಹೊಂದುವುದು ಟೆಸ್ಟೋಸ್ಟಿರಾನ್ ಚಿಕಿತ್ಸೆಯೇ, ಜೆಲ್ ಆಗಲಿ ಇಂಜೆಕ್ಷನ್ ಆಗಲಿ. ಶುರು ಮಾಡುವ ಮುಂಚೆ ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಗಾಗಿ ಮಾಡುವ ರಕ್ತ ಪರೀಕ್ಷೆ) ಮತ್ತು ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) ನೋಡಿಸಿ. ಆಮೇಲೂ ಹೆಮಟೋಕ್ರಿಟ್ 54 ದಾಟದಂತೆ ಆಗಾಗ ಪರೀಕ್ಷೆ ಮಾಡಿಸುತ್ತಿರಿ.