‘ಗ್ರವಿತಾಸ್’: ಗಾಂಭೀರ್ಯವೋ, ತೂಕವೋ?

ಪ್ರಶ್ನೆ: ರಾಜಕಾರಣಿಗಳನ್ನು ಕುರಿತ ಇಂಗ್ಲಿಷ್ ಬರಹಗಳಲ್ಲಿ ‘ಗ್ರವಿತಾಸ್’ ಎಂಬ ಲ್ಯಾಟಿನ್ ಪದ ಆಗಾಗ ಕಾಣಿಸುತ್ತದೆ. ಅದನ್ನು ‘ಗಾಂಭೀರ್ಯ’ ಎನ್ನಬಹುದೇ? ಕೊನೆಯ ‘ಸ್’ ಬಹುವಚನದ್ದೇ? ಗ್ರ್ಯಾವಿಟಿಗೂ ಇದಕ್ಕೂ ನಂಟಿದೆಯೇ?

ಉತ್ತರ: ಅದು ಏಕವಚನ. ‘ಗ್ರವಿಸ್’ ಎಂದರೆ ಭಾರವಾದುದು. ನಾವು ‘ಹಿರಿ’ಗೆ ‘ಮೆ’ ಹಚ್ಚಿ ‘ಹಿರಿಮೆ’ ಮಾಡಿಕೊಳ್ಳುವಂತೆ, ರೋಮನ್ನರು ಗುಣವಾಚಕಕ್ಕೆ ‘ತಾಸ್’ ಪ್ರತ್ಯಯ ಸೇರಿಸಿ ಭಾವನಾಮ ಮಾಡುತ್ತಿದ್ದರು. ಹೀಗಾದ ಪದಗಳೆಲ್ಲ ಸ್ತ್ರೀಲಿಂಗ. ಇದರ ಪ್ರಕೃತಿ ‘ಗ್ರವಿತಾತ್’; ಪ್ರಥಮಾ ವಿಭಕ್ತಿಯ ‘ಸ್’ ಬಂದಾಗ ಕೊನೆಯ ‘ತ್’ ಲೋಪವಾಗುತ್ತದೆ, ಷಷ್ಠಿಯ ‘ಗ್ರವಿತಾತಿಸ್’, ದ್ವಿತೀಯೆಯ ‘ಗ್ರವಿತಾತೆಮ್’ ರೂಪಗಳಲ್ಲಿ ಮತ್ತೆ ತಲೆಯೆತ್ತುತ್ತದೆ. ಋಗ್ವೇದದ ‘ಸರ್ವತಾತಿ’, ‘ದೇವತಾತಿ’ಗಳಲ್ಲಿರುವುದು ಈ ಪ್ರತ್ಯಯದ ದಾಯಾದಿಯೇ.

ಮೂಲಾರ್ಥ ಬರಿಯ ಭಾರ. ಕ್ರಿ.ಪೂ. 54ರಲ್ಲಿ ಬ್ರಿಟನ್ನಿನಲ್ಲಿ ನಡೆದ ಕದನವನ್ನು ವರ್ಣಿಸುತ್ತ ಸೀಸರ್, ತನ್ನ ಕಾಲಾಳುಗಳು ಓಡುವ ಶತ್ರುವನ್ನು ಬೆನ್ನಟ್ಟಲಾರದೆ ಹೋದದ್ದಕ್ಕೆ ‘ಪ್ರೊಪ್ತೆರ್ ಗ್ರವಿತಾತೆಮ್ ಆರ್ಮೋರುಮ್’, ಅಂದರೆ ‘ಆಯುಧಗಳ ಭಾರದಿಂದಾಗಿ’ ಎಂಬ ಕಾರಣ ಕೊಡುತ್ತಾನೆ. ಅಲ್ಲಿ ಘನತೆಯ ಸುಳಿವೂ ಇಲ್ಲ. ಕಾಯಿಲೆಯ ತೀವ್ರತೆಗೂ ಇದೇ ಪದ ಸಲ್ಲುತ್ತಿತ್ತು. ಸುಲಭಕ್ಕೆ ಅಲುಗದ ಮನುಷ್ಯನ ಗುಣವೆಂಬ ಅರ್ಥ ಈ ಭಾರದಿಂದಲೇ ಬೆಳೆದದ್ದು. ಅದಕ್ಕೆ ಎದುರಾದದ್ದು ‘ಲೆವಿತಾಸ್’, ಹಗುರತನ.

ಕನ್ನಡಿಗರಿಗೆ ಸ್ವಾರಸ್ಯವಿರುವುದು ಇಲ್ಲಿ. ‘ಗ್ರವಿಸ್’ ಮತ್ತು ಸಂಸ್ಕೃತದ ‘ಗುರು’ ಒಂದೇ ಇಂಡೋ-ಯುರೋಪಿಯನ್ ಮೂಲದವು. ‘ಲೆವಿಸ್’ ಮತ್ತು ‘ಲಘು’ ಕೂಡ ಹಾಗೆಯೇ. ಛಂದಸ್ಸಿನ ಪಾಠದಲ್ಲಿ ಅಕ್ಷರದ ತಲೆಯ ಮೇಲೆ ಅಡ್ಡಗೆರೆ ಎಳೆದು ಗುರು, ಬಟ್ಟಲಿನಾಕಾರ ಬರೆದು ಲಘು ಎಂದು ಗುರುತು ಹಾಕಿದವರೆಲ್ಲ, ಅರಿಯದೆಯೇ, ರೋಮನ್ನರ ಆ ಜೋಡಿಯನ್ನು ಬಳಸಿದ್ದಾರೆ. ‘ಗೌರವ’, ‘ಗರಿಮೆ’ಗಳೂ ಹುಟ್ಟಿನಿಂದ ಭಾರವೇ. ಸಂಸ್ಕೃತದಲ್ಲಿ ‘ಗುರ್ವಿಣೀ’ ಎಂದರೆ ಗರ್ಭಿಣಿ. ಲ್ಯಾಟಿನ್ನಿನ ‘ಗ್ರವಿದಾ’ ಕೂಡ ಅವಳೇ.

‘ಗಾಂಭೀರ್ಯ’ ತಪ್ಪಲ್ಲ, ಆದರೆ ಅದರ ಹಿಂದಿರುವುದು ನೀರಿನ ಆಳ, ವಸ್ತುವಿನ ಭಾರವಲ್ಲ. ಅಲ್ಲದೆ ಮೌನವಾಗಿ ಮುಖ ಬಿಗಿದುಕೊಂಡವನನ್ನೂ ನಾವು ಗಂಭೀರನೆನ್ನುತ್ತೇವೆ. ನನ್ನ ಮಟ್ಟಿಗೆ ‘ತೂಕ’ವೇ ಸರಿಯಾದ ಪದ. ‘ಆತನ ಮಾತಿಗೆ ತೂಕವಿದೆ’ ಎಂದಾಗ ಲ್ಯಾಟಿನ್ನಿನ ರೂಪಕ ಹಾಗೆಯೇ ಉಳಿಯುತ್ತದೆ.

ಗ್ರ್ಯಾವಿಟಿಯೂ ಈ ಪದದ ಸಂತಾನವೇ. 1687ರಲ್ಲಿ ನ್ಯೂಟನ್ ಲ್ಯಾಟಿನ್ನಿನಲ್ಲಿ ಪ್ರಕಟಿಸಿದ ‘ಪ್ರಿನ್ಸಿಪಿಯಾ’ದಲ್ಲಿ ‘ಗ್ರವಿತಾಸ್’ ಎಂದರೆ ಕಾಯಗಳನ್ನು ಪರಸ್ಪರ ಸೆಳೆಯುವ ಬಲ. ಅಲ್ಲಿ ಮಾತ್ರ ‘ತೂಕ’ ಎಂದು ಅನುವಾದಿಸಬೇಡಿ. ಭೌತಶಾಸ್ತ್ರದಲ್ಲಿ ತೂಕದ ಅರ್ಥ ಬೇರೆ. ಅದಕ್ಕೆ ನಮ್ಮ ಪಠ್ಯಪುಸ್ತಕಗಳ ‘ಗುರುತ್ವ’ವೇ ಇದೆ.