ಓದುಗರ ಪ್ರಶ್ನೆಗೆ ಉತ್ತರ: ಶಾರ್ಟ್ ಶಿಫ್ಟರ್‌ನ ಬಿಗಿ ತಾನಾಗಿ ಸಡಿಲವಾಗುತ್ತದೆಯೇ?

ಪ್ರಶ್ನೆ: ನನ್ನದು ಶಾರ್ಜಾದಲ್ಲಿ ಕೆಲಸ, ಎರಡನೇ ತಲೆಮಾರಿನ ಮಾಜ್ದಾ ಎಂಎಕ್ಸ್-5 ಕಾರು ಅಲ್ಲೇ ಇದೆ. ಹೊರಗಿನ ಕಂಪನಿಯ ಶಾರ್ಟ್ ಶಿಫ್ಟರ್ (ಗೇರ್ ಲಿವರ್‌ನ ಚಲನೆಯನ್ನು ಗಿಡ್ಡ ಮಾಡುವ ಬದಲಿ ಲಿವರ್) ಹಾಕಿಸಿದ ಮೇಲೆ ಗೇರ್ ಲಿವರ್ ವಿಪರೀತ ಬಿಗಿ. ಪಕ್ಕಕ್ಕೆ ತಳ್ಳಿ ಬಿಟ್ಟರೆ ನಡುವಿಗೆ ವಾಪಸು ಬರುವುದಿಲ್ಲ. ‘ಓಡಿಸ್ತಾ ಇರಿ, ಸರಿಹೋಗುತ್ತೆ’ ಅನ್ನುತ್ತಾರೆ ಅಂಗಡಿಯವರು. ನಂಬಬಹುದೇ?
— ಓದುಗರು, ಉಪ್ಪಳ

ಉತ್ತರ: ಅರ್ಧ ನಂಬಬಹುದು. ಬಿಗಿಯಲ್ಲಿ ಮೂರು ಬಗೆ ಇದೆ. ಒಂದು ಓಡಿಸಿದಂತೆ ಹೋಗುತ್ತದೆ, ಇನ್ನೊಂದು ಎಂದಿಗೂ ಹೋಗುವುದಿಲ್ಲ, ಮೂರನೆಯದನ್ನು ಹಾಗೇ ಬಿಟ್ಟರೆ ಗೇರ್ ಬಾಕ್ಸ್ ಹಾಳಾಗುತ್ತದೆ. ನಿಮ್ಮದು ಯಾವುದೆಂದು ಮೊದಲು ಗೊತ್ತಾಗಬೇಕು.

ಎಂದಿಗೂ ಹೋಗದ ಬಿಗಿ ಸನ್ನೆಯ ಲೆಕ್ಕದಿಂದ ಬರುವುದು. ಲಿವರ್ ತಿರುಗುವ ಗುಂಡಿನಿಂದ ನಾಬ್‌ವರೆಗೆ (ಮೇಲಿನ ಹಿಡಿಯವರೆಗೆ) 200 ಮಿ.ಮೀ., ಗುಂಡಿನಿಂದ ಕೆಳತುದಿಗೆ 40 ಮಿ.ಮೀ. ಎಂದಿಟ್ಟುಕೊಳ್ಳಿ. ಅನುಪಾತ ಐದಕ್ಕೆ ಒಂದು. ಕೆಳತುದಿ 10 ಮಿ.ಮೀ. ಸರಿಯಬೇಕಾದರೆ ಕೈ 50 ಮಿ.ಮೀ. ಸರಿಯಬೇಕು. ಕಿಟ್ ಹಾಕಿ ಕೆಳಭಾಗ 56 ಮಿ.ಮೀ. ಆದರೆ ಕೈಗೆ ಸುಮಾರು 36 ಮಿ.ಮೀ. ಸಾಕು, ಆದರೆ ಅದೇ ಕೆಲಸಕ್ಕೆ ಬೇಕಾದ ಬಲ ಶೇ. 40ರಷ್ಟು ಏರುತ್ತದೆ. ದೂರದಲ್ಲಿ ಉಳಿಸಿದ್ದನ್ನು ಬಲದಲ್ಲಿ ಕೊಡುತ್ತೀರಿ. ಯಾವ ಗ್ರೀಸೂ ಇದನ್ನು ಬದಲಿಸದು.

ಓಡಿಸಿದಂತೆ ಹೋಗುವುದು ಹೊಸ ಲೋಹದ ಉಜ್ಜಾಟ: ಗುಂಡಿನ ಮೇಲೆ ಲೇತಿನ ಗೀರು, ಜಿಂಕ್ ಲೇಪದ ಒರಟು, ಇನ್ನೂ ಕೂರದ ಬುಶ್ (ಆಡುವ ಭಾಗದ ಸುತ್ತ ಕೂರುವ ಬಳೆ). ಆದರೆ ಲಿವರ್ ನಡುವಿಗೆ ಮರಳುವುದೇ ಇಲ್ಲ ಅಂದರೆ ಅದು ಬರೀ ಉಜ್ಜಾಟವಲ್ಲ. ನ್ಯೂಟ್ರಲ್‌ನಲ್ಲಿ ಬಿಟ್ಟ ಲಿವರನ್ನು ಸ್ಪ್ರಿಂಗ್ 3–4ನೇ ಗೇರ್‌ಗಳ ಸಾಲಿಗೆ ತಂದು ನಿಲ್ಲಿಸಬೇಕು. ಆ ಸ್ಪ್ರಿಂಗ್ ಸೋತಿದೆ ಎಂದರೆ ಗುಂಡು ಎಲ್ಲೋ ಹಿಂಡಿಕೊಂಡಿದೆ.

ಎಂಜಿನ್ ತಣಿದ ಮೇಲೆ ನಾಬ್, ಕನ್ಸೋಲ್, ರಬ್ಬರ್ ಬೂಟ್ (ಲಿವರ್ ಬುಡದ ರಬ್ಬರ್ ಹೊದಿಕೆ) ತೆಗೆಯಿರಿ. ಲಿವರನ್ನು ಅದುಮಿ ಹಿಡಿದಿರುವ ತಗಡಿನ ಮೂರು ಬೋಲ್ಟ್‌ಗಳನ್ನು ಅರ್ಧರ್ಧ ಸುತ್ತು ಸಡಿಲಿಸಿ ಲಿವರ್ ಆಡಿಸಿ ನೋಡಿ. ಈಗ ಹಗುರಾದರೆ ಕಾರಣ ಸಿಕ್ಕಿತು: ಮೂಲ ಗ್ಯಾಸ್ಕೆಟ್ ಅಥವಾ ವಾಷರ್ ಮರೆತಿರಬಹುದು, ಒಂದರ ಬದಲು ಎರಡು ಬಿದ್ದಿರಬಹುದು, ಇಲ್ಲವೇ ಪ್ಲಾಸ್ಟಿಕ್ ತಟ್ಟೆ ತಲೆಕೆಳಗಾಗಿರಬಹುದು. ಕಿಟ್‌ನ ಚಿತ್ರದಂತೆ ಜೋಡಿಸಿ, ಬೋಲ್ಟ್‌ಗಳನ್ನು ಸರದಿಯಲ್ಲಿ ಸ್ವಲ್ಪ ಸ್ವಲ್ಪ ಬಿಗಿಸುತ್ತಾ ಪ್ರತಿ ಸಲವೂ ಲಿವರ್ ಆಡಿಸಿ. ಬೋಲ್ಟ್ ಸಡಿಲ ಬಿಟ್ಟು ಓಡಿಸುವುದು ಪರಿಹಾರವಲ್ಲ, ಎಣ್ಣೆ ಒಸರುತ್ತದೆ.

ಆಗಲೂ ಹಗುರಾಗದಿದ್ದರೆ ಲಿವರನ್ನು ಹೊರಗೆಳೆಯಿರಿ. ಗುಂಡನ್ನು 1000 ನಂಬರಿನ ವಾಟರ್ ಪೇಪರ್‌ನಿಂದ, ಆಮೇಲೆ 2000ದಿಂದ, ಸುತ್ತಲೂ ಒಂದೇ ಸಮನಾಗಿ ಉಜ್ಜಿ. ಗೀರು ಹೋದರೆ ಸಾಕು, ಅಳತೆ ಇಳಿಯಬಾರದು. ಈ ಕೆಲಸ ಕಾರಿನಿಂದ ದೂರ ನಡೆಯಲಿ, ಗೇರ್ ಬಾಕ್ಸ್‌ನ ತೆರೆದ ಬಾಯಿಗೆ ಶುದ್ಧ ಬಟ್ಟೆ ತುರುಕಿರಲಿ. ಒಂದು ಚಿಟಿಕೆ ಮರಳಿನ ಪುಡಿ ಒಳಗೆ ಬಿದ್ದರೂ ಇಷ್ಟೆಲ್ಲ ಮಾಡಿದ್ದು ವ್ಯರ್ಥ. ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಲಿವರ್ ಆಡಿಸಿ ‘ಕೂರಿಸುವ’ ಉಪಾಯ ಹೇಳುವವರಿದ್ದಾರೆ, ದಯವಿಟ್ಟು ಬೇಡ. ಆ ಪೇಸ್ಟ್ ಬುಶ್‌ನೊಳಗೆ ಸೇರಿಕೊಂಡು ವರ್ಷಗಟ್ಟಲೆ ಅರೆಯುತ್ತಲೇ ಇರುತ್ತದೆ.

ಈ ಕಾರಿನಲ್ಲಿ ಲಿವರ್‌ನ ಬುಡ ಎಣ್ಣೆಯಲ್ಲಿ ಮುಳುಗಿರಬೇಕೆಂಬುದನ್ನು ಹಲವರು ಗಮನಿಸುವುದಿಲ್ಲ. ಹಳೆಯದನ್ನು ಸಿರಿಂಜ್‌ನಿಂದ ಹೀರಿ, 75ಡಬ್ಲ್ಯು-90 (ಇದು ಎಣ್ಣೆಯ ದಪ್ಪದ ದರ್ಜೆ) ಗೇರ್ ಆಯಿಲ್ 80ರಿಂದ 90 ಮಿ.ಲೀ. ಹಾಕಿ. ಕೆಳಗಿನ ರಬ್ಬರ್ ಬೂಟ್ ಬಿರುಕು ಬಿಟ್ಟಿದ್ದರೆ ಬದಲಿಸಿ. ಕೆಳತುದಿಯ ನೈಲಾನ್ ಬುಶ್ ಹೊಸದಿರಲಿ, ಅದು ಅಗ್ಗದ ಭಾಗ.

ಮೂರನೆಯ, ಅಪಾಯದ ಬಗೆ ಯಾವುದೆಂದರೆ, ಉದ್ದವಾದ ಕೆಳತುದಿ ಒಳಗೆಲ್ಲೋ ಬಡಿಯುವುದು. ಆಗ ಗೇರ್ ಪೂರ್ತಿ ಕೂರುವ ಮೊದಲೇ ಲಿವರ್ ನಿಲ್ಲುತ್ತದೆ, ಹಲ್ಲುಗಳು ತುದಿಯಲ್ಲಷ್ಟೇ ಕಚ್ಚಿಕೊಳ್ಳುತ್ತವೆ, ಆಕ್ಸಿಲರೇಟರ್ ಬಿಟ್ಟಾಗ ಗೇರ್ ಹಾರುತ್ತದೆ. ಕೆಳತುದಿಗೆ ಮಾರ್ಕರ್ ಬಳಿದು ಲಿವರ್ ಕೂರಿಸಿ, ಎಲ್ಲ ಗೇರ್ ಹಾಕಿ, ಹೊರತೆಗೆದು ನೋಡಿ. ಬುಶ್ ಕೂರುವ ಜಾಗ ಬಿಟ್ಟು ಬೇರೆಡೆ ಬಣ್ಣ ಕೆರೆದಿದ್ದರೆ ಕಿಟ್ಟನ್ನು ವಾಪಸು ಮಾಡಿ.

ಇಷ್ಟೂ ಸರಿಯಿದ್ದ ಮೇಲೆ ಪಳಗಿಸುವ ಮಾತು. ಎಂಜಿನ್ ನಿಲ್ಲಿಸಿ, ಕ್ಲಚ್ ಒತ್ತಿ, 1–2, 3–4 ಹೀಗೆ ಸಾಲಿಗೆ ನೂರು ಸಲ ನಿಧಾನವಾಗಿ ಆಡಿಸಿ. ನಿಂತ ಕಾರಿನಲ್ಲಿ ಕೆಲವೊಮ್ಮೆ ಹಲ್ಲಿಗೆ ಹಲ್ಲು ಎದುರಾಗಿ ಗೇರ್ ಬೀಳುವುದಿಲ್ಲ, ಆಗ ಕಾರನ್ನು ಒಂದಿಷ್ಟು ಉರುಳಿಸಿ, ಗುದ್ದಬೇಡಿ. ಬಳಿಕ ಮೊದಲ 500 ಕಿ.ಮೀ. ಅವಸರದ ಗೇರ್ ಬೇಡ. ಗೇರ್ ಬೀಳುವ ಮೊದಲು ಕೈಗೆ ಒಂದು ತಡೆ ಸಿಗುತ್ತದಲ್ಲ, ಸಿಂಕ್ರೊ ರಿಂಗ್ ಗೇರ್ ಮತ್ತು ಶಾಫ್ಟ್ ಎರಡರ ವೇಗ ಹೊಂದಿಸುತ್ತಿರುವ ಕ್ಷಣ ಅದು. ಅಲ್ಲಿ ಸಮನಾದ ಒತ್ತಡ ಇಟ್ಟು ಕಾಯಿರಿ, ತಾನೇ ಒಳಗೆ ಜಾರುತ್ತದೆ. 3ರಿಂದ 2ಕ್ಕೆ ಇಳಿಸುವಾಗ ಆಕ್ಸಿಲರೇಟರ್ ತುಸು ತಟ್ಟಿ ಎಂಜಿನ್ ವೇಗ ಏರಿಸಿಕೊಂಡರೆ ಸಿಂಕ್ರೊಗೆ ಹೊರೆ ಕಡಿಮೆ. 500 ಕಿ.ಮೀ. ಆದ ಮೇಲೆ ಬಿಚ್ಚಿ, ಕಪ್ಪಾದ ಎಣ್ಣೆ ತೆಗೆದು ಹೊಸದು ಹಾಕಿ. ಉಜ್ಜಾಟದ ಬಿಗಿ ಅಷ್ಟರಲ್ಲಿ ಬಹುಪಾಲು ಇಳಿದಿರಬೇಕು. ಎಂಜಿನ್ ನಿಂತಾಗ ಹಗುರ, ಓಡುವಾಗ ಮಾತ್ರ ಬಿಗಿ ಎಂದಾದರೆ ಶಿಫ್ಟರನ್ನು ದೂರಬೇಡಿ: ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಅದರ ಹೈಡ್ರಾಲಿಕ್ ಲೈನಿನಲ್ಲಿ ಗಾಳಿ ಇದೆಯೇ ನೋಡಿಸಿ.

ಪ್ರಶ್ನೆ: ನನ್ನ ಫೋಕ್ಸ್‌ವ್ಯಾಗನ್ ಪೋಲೋ 1.0 ಟಿಎಸ್‌ಐ ಮ್ಯಾನುವಲ್ ಕಾರಿಗೆ ಶಾರ್ಟ್ ಶಿಫ್ಟರ್ ಹಾಕಿದ ಮೇಲೆ ರಿವರ್ಸ್ ಹತ್ತು ಸಲಕ್ಕೆ ಒಮ್ಮೆ ಬೀಳುತ್ತದೆ. 1ನೆಯದೂ ತಡಕಾಡುತ್ತದೆ. ಪಳಗಿದರೆ ಸರಿಯಾಗುವುದೇ?
— ಓದುಗರು, ಬದಿಯಡ್ಕ

ಉತ್ತರ: ಆಗುವುದಿಲ್ಲ, ಇದು ಕೇಬಲ್ ಹೊಂದಾಣಿಕೆಯ ದೋಷ. ನಿಮ್ಮದರಲ್ಲಿ ಲಿವರ್ ನೇರವಾಗಿ ಗೇರ್ ಬಾಕ್ಸ್ ಮುಟ್ಟುವುದಿಲ್ಲ. ಒಂದು ಕೇಬಲ್ ಹಿಂದೆ-ಮುಂದಿನ ಚಲನೆಗೆ, ಇನ್ನೊಂದು ಸಾಲು ಆರಿಸಲು. ರಿವರ್ಸ್ ಇರುವುದು ಲಿವರ್ ಒತ್ತಿ ಎಡಕ್ಕೆ ತಳ್ಳಿದಾಗ ಸಿಗುವ ತುತ್ತತುದಿಯಲ್ಲಿ. ಸಾಲಿನ ಕೇಬಲ್ ಒಂದೆರಡು ಮಿ.ಮೀ. ತಪ್ಪಿದರೂ ಮೊದಲು ಕೈಕೊಡುವುದು ಅದೇ, ಆಮೇಲೆ 1–2ರ ಸಾಲು.

ಕ್ರಮ ಹೀಗೆ: ಗೇರ್ ಬಾಕ್ಸ್ ಬಳಿ ಎರಡೂ ಕೇಬಲ್‌ಗಳ ಸ್ಪ್ರಿಂಗ್ ಲಾಕನ್ನು ಒತ್ತಿ ತಿರುಗಿಸಿ ಬಿಡಿಸಿ. ಸೆಲೆಕ್ಟರ್ ಶಾಫ್ಟನ್ನು (ಗೇರ್ ಆರಿಸುವ ದಂಡವನ್ನು) ಕೆಳಗೊತ್ತಿ ಅದರ ಪಕ್ಕದ ಬಾಗಿದ ಕಡ್ಡಿಯಿಂದ ಬಂಧಿಸಿ. ಕಾರಿನೊಳಗೆ ಲಿವರನ್ನು ನ್ಯೂಟ್ರಲ್‌ನಲ್ಲೇ 1–2ರ ಸಾಲಿಗೆ ಎಳೆದು, ಬುಡದ ರಂಧ್ರದಲ್ಲಿ ಸಡಿಲಿಲ್ಲದೆ ಕೂರುವ ಪಿನ್ ತೂರಿಸಿ, ಡ್ರಿಲ್ ಬಿಟ್‌ನ ನುಣುಪು ತುದಿಯೂ ಆದೀತು. ಈಗ ಸ್ಪ್ರಿಂಗ್ ಲಾಕ್ ಬಿಟ್ಟರೆ ಕೇಬಲ್ ತಾನೇ ಸರಿಯಾದ ಉದ್ದಕ್ಕೆ ನಿಲ್ಲುತ್ತದೆ. ಕಡ್ಡಿಯನ್ನೂ ಪಿನ್ನನ್ನೂ ತೆಗೆದು, ಲಿವರ್ 3–4ರ ಸಾಲಿನಲ್ಲಿ ನಿಲ್ಲುತ್ತದೆಯೇ ನೋಡಿ.

ನಮ್ಮ ಕಡೆಯ ಮಳೆಗೆ ಈ ಕೇಬಲ್ ತುದಿಗಳು ಬೇಗ ತುಕ್ಕು ಹಿಡಿಯುತ್ತವೆ. ಜೂನ್‌ಗೆ ಮೊದಲೊಮ್ಮೆ, ಮಳೆ ಬಿಟ್ಟ ಮೇಲೊಮ್ಮೆ ಒರೆಸಿ ಗ್ರೀಸ್ ಹಚ್ಚಿ. ರಬ್ಬರ್, ಪಾಲಿಯುರಿಥೇನ್ ಬುಶ್‌ಗೆ ಸಿಲಿಕೋನ್ ಗ್ರೀಸ್, ಲೋಹಕ್ಕೆ ಲೋಹ ತಾಗುವಲ್ಲಿ ಲಿಥಿಯಂ ಗ್ರೀಸ್. ತುಕ್ಕು ಬಿಡಿಸುವ ಸ್ಪ್ರೇ ಗ್ರೀಸ್‌ನ ಕೆಲಸ ಮಾಡದು, ಇದ್ದ ಗ್ರೀಸನ್ನೂ ತೊಳೆದುಬಿಡುತ್ತದೆ. ಹೊಸ ಶಿಫ್ಟರ್ ಪಳಗಿಸಲು ಚೆರ್ಕಳ–ಜಾಲ್ಸೂರು ರಸ್ತೆ ಒಳ್ಳೆಯದು, ತಿರುವಿಗೊಮ್ಮೆ 2–3 ಬದಲಿಸಬೇಕಾಗುತ್ತದೆ. ಷಟ್ಪಥ ಹೆದ್ದಾರಿಯಲ್ಲಿ ಎಷ್ಟು ಕಿ.ಮೀ. ಓಡಿಸಿದರೂ ಲಿವರ್ ಆಡುವುದೇ ಅಪರೂಪ.

ಪ್ರಶ್ನೆ: ಶಿಫ್ಟರ್ ಬಿಗಿ ಇದೆಯೆಂದು ಮೆಕ್ಯಾನಿಕ್ ಗೇರ್ ಬಾಕ್ಸಿಗೆ ಜಿಎಲ್-5 ದರ್ಜೆಯ ಎಣ್ಣೆ ಹಾಕೋಣ ಎನ್ನುತ್ತಾರೆ. ಹಾಕಿಸಲೇ?
— ಓದುಗರು, ಅಕ್ಕಲಕೋಟೆ

ಉತ್ತರ: ಕೈಪಿಡಿಯಲ್ಲಿ ಜಿಎಲ್-4 ಎಂದಿದ್ದರೆ ಬೇಡ. ಜಿಎಲ್-5ರಲ್ಲಿ ಹೆಚ್ಚಿರುವ ಗಂಧಕ-ರಂಜಕದ ಅಂಶ ಡಿಫರೆನ್ಶಿಯಲ್‌ನ ಹಲ್ಲಿಗೆ ಬೇಕಾದದ್ದು. ಹಿತ್ತಾಳೆಯ ಸಿಂಕ್ರೊ ರಿಂಗನ್ನು ಬಿಸಿಯಲ್ಲಿ ಅದು ತಿನ್ನಬಹುದು, ಜಾರಿಕೆ ಹೆಚ್ಚಾಗಿ ಸಿಂಕ್ರೊ ಹಿಡಿಯದೆಯೂ ಇರಬಹುದು. ಚಳಿಗಾಲದ ಬೆಳಗ್ಗೆ ಮಾತ್ರ ಬಿಗಿ, ಐದಾರು ಕಿ.ಮೀ. ಓಡಿದ ಮೇಲೆ ಹಗುರ ಎಂದಾದರೆ ಎಣ್ಣೆಯ ದಪ್ಪವೇ ಕಾರಣ, ಕೈಪಿಡಿ ಒಪ್ಪುವುದಾದರೆ 80ಡಬ್ಲ್ಯು-90ರ ಬದಲು 75ಡಬ್ಲ್ಯು-90 ಹಾಕಿಸಿ. ದಿನವಿಡೀ ಬಿಗಿ ಇದ್ದರೆ ಎಣ್ಣೆ ಬದಲಿಸಿ ಫಲವಿಲ್ಲ.

ಪ್ರಶ್ನೆ: ಭಾರದ ನಾಬ್ ಹಾಕಿದರೆ ಗೇರ್ ಹಗುರಾಗುತ್ತದೆಯೇ?
— ಓದುಗರು, ಆದವಾನಿ

ಉತ್ತರ: ಹಗುರಾದಂತೆ ಅನಿಸುತ್ತದೆ. 300–400 ಗ್ರಾಂ ನಾಬ್‌ನ ಓಟ ಸಿಂಕ್ರೊ ತಡೆಯನ್ನು ದಾಟಿಸಲು ನೆರವಾಗುತ್ತದೆ. ಲಿವರನ್ನು 20 ಮಿ.ಮೀ. ಎತ್ತರಿಸುವ ತುಂಡು ಹಾಕಿದರೆ ನಿಜವಾಗಿಯೂ ಬಲ ಉಳಿಯುತ್ತದೆ, ಚಲನೆ ತುಸು ಉದ್ದವಾಗುತ್ತದೆ. ನಿಮ್ಮೂರಿನ ಬೇಸಿಗೆಗೆ ಬರೀ ಸ್ಟೀಲಿನ ನಾಬ್ ಕೊಳ್ಳಬೇಡಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಅದನ್ನು ಮುಟ್ಟಲಾಗದು. ಒಳಗೆ ಲೋಹ, ಹೊರಗೆ ಚರ್ಮ ಅಥವಾ ಅಸಿಟಾಲ್ (ಗಟ್ಟಿ ಪ್ಲಾಸ್ಟಿಕ್) ಹೊದಿಕೆ ಇರುವುದನ್ನು ಆರಿಸಿ, ಕೊಳ್ಳುವ ಮೊದಲು ಲಿವರ್‌ನ ತಿರುಪಿನ (ಥ್ರೆಡ್) ಅಳತೆ ಹೊಂದುತ್ತದೆಯೇ ನೋಡಿಕೊಳ್ಳಿ.