ಮಗು ಆದ ಮೇಲೆ ಪಿಎಚ್.ಡಿ. ನಿಂತೇ ಹೋಗಿದೆ, ಬಿಟ್ಟುಬಿಡಲಾ? – ಪ್ರತಿಕ್ರಿಯೆ

ಮಗು ಆದ ಮೇಲೆ ನಿಂತುಹೋದ ಪಿಎಚ್.ಡಿ. ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ಅದು ಸಮಯ ಇಲ್ಲದ್ದಕ್ಕಿಂತ ಜಾಸ್ತಿ, ಗೈಡ್‌ಗೆ ಮುಖ ತೋರಿಸಲು ಅಂಜಿಕೆಯಾಗಿ ನಿಂತಿದೆ ಅನ್ನಿಸುತ್ತದೆ. ಎಂಟು ತಿಂಗಳಿಂದ ಫೋನೇ ಮಾಡಿಲ್ಲ ಅಂತ ನೀವೇ ಬರೆದಿದ್ದೀರಿ.

ಮೊದಲು ಗಡುವು ನೋಡಿ. ನಿಮ್ಮ ಹಾಗೆ 2021ರಲ್ಲಿ ಸೇರಿದವರಿಗೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2016ರ ನಿಯಮ ಅನ್ವಯ, ಅಂದರೆ ಗರಿಷ್ಠ 6 ವರ್ಷ, ಹೆಂಗಸರಿಗೆ ಇನ್ನೂ 2 ವರ್ಷ ಕೊಡಬಹುದು. ಹೆರಿಗೆ, ಮಗುವಿನ ಆರೈಕೆ ಅಂತ ಒಮ್ಮೆ 240 ದಿನದವರೆಗೆ ರಜೆಯೂ ಉಂಟು. ಯಾವುದೂ ತಾನಾಗಿ ಬರುವುದಿಲ್ಲ, ಅರ್ಜಿ ಹಾಕಬೇಕು. ಕಳೆದುಹೋದ ತಿಂಗಳುಗಳಿಗೆ ಈಗ ರಜೆ ಕೊಡುತ್ತಾರಾ ಅನ್ನುವುದು ವಿಶ್ವವಿದ್ಯಾಲಯದ ಕೈಯಲ್ಲಿದೆ, ಪಿಎಚ್.ಡಿ. ವಿಭಾಗದಲ್ಲಿ ಲಿಖಿತವಾಗಿಯೇ ಕೇಳಿ.

ಆಮೇಲೆ ಇವತ್ತೇ ಗೈಡ್‌ಗೆ ಒಂದು ಮೇಲ್. ಏನು ಮುಗಿದಿದೆ, ಏನು ಬಾಕಿ, ಯಾವ ತಾರೀಖಿಗೆ ಎಷ್ಟು ಪುಟ ಕಳಿಸುತ್ತೀರಿ, ಇಷ್ಟೇ ಸಾಕು. ಕ್ಷಮೆ, ಅತ್ತೆಮನೆಯ ಕಷ್ಟ ಎಲ್ಲ ಬೇಡ. ನಿಮ್ಮೂರು ಕುಂಬಳೆಯಿಂದ ಕೊಣಾಜೆಯ ವಿಶ್ವವಿದ್ಯಾಲಯಕ್ಕೆ ಹೋಗಿಬರಲು ಒಂದು ದಿನವೇ ಬೇಕು ಅಂದಿರಲ್ಲ, ಹಾಗಾಗಿ ತಿಂಗಳ ಭೇಟಿ ಫೋನಲ್ಲಿ ಆಗುತ್ತದಾ ಅಂತ ಅದರಲ್ಲೇ ಕೇಳಿ. ಆರು ತಿಂಗಳಿಗೊಮ್ಮೆ ಸಂಶೋಧನಾ ಸಲಹಾ ಸಮಿತಿ ಮುಂದೆ ಪ್ರಗತಿ ಹೇಳುವುದು ಮಾತ್ರ ತಪ್ಪಿಸಬೇಡಿ, ತಪ್ಪಿದ್ದರೆ ಮುಂದಿನ ತಾರೀಖು ಕೇಳಿ ಇಟ್ಟುಕೊಳ್ಳಿ.

ಮನೆಯಲ್ಲಿ "ಸ್ವಲ್ಪ ಸಹಾಯ ಮಾಡಿ" ಅಂದರೆ ಯಾರೂ ಮಾಡುವುದಿಲ್ಲ, ಸುಮ್ನೆ ತಲೆ ಆಡಿಸುತ್ತಾರೆ. ಶನಿವಾರ ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಮಗು ನಿಮ್ಮದು ಅಂತ ಗಂಡನಿಗೆ ಗಂಟೆ ಹೇಳಿ, ಪುಸ್ತಕ ಹಿಡಿದು ಊರಿನ ವಾಚನಾಲಯಕ್ಕೆ ಹೋಗಿ ಕೂತುಬಿಡಿ. ಮನೆಯಲ್ಲೇ ಕೂತರೆ ಕರೆಯದೆ ಇರುವುದಿಲ್ಲ.

ಬಿಡುವ ತೀರ್ಮಾನ ಗೈಡ್ ಉತ್ತರ ಬಂದ ಮೇಲೆ ಮಾಡಿ.